ದನದ ದವಾಖಾನೆಯ ಮೇಲಿನ ಸಸಿಮಡಿ

ಎಪ್ಪತ್ತರ ದಶಕದ ಕೊನೆಯಲ್ಲಿ, ಡಿಪ್ಲೊಮಾ ಮುಗಿಸಿ ರಾಯಚೂರಿನ ಮನೆಯಲ್ಲಿ ಜಂತಿ ಎಣಿಸುತ್ತ ಕೂತಿದ್ದ ನನಗೆ ಒಂದು ವರ್ಷದ ಅಪ್ರೆಂಟಿಸ್ ಕೆಲಸ ಸಿಕ್ಕಿತು. ವರ್ಷ ಮುಗಿದ ಮೇಲೆ ನಮ್ಮ ದೊಡ್ಡ ಎಂಜಿನಿಯರ್ ಸಾಹೇಬರು 'ಇವನಿಗೆ ಕೆಲಸ ಬರುತ್ತದೆ' ಎಂದು ಸರ್ಟಿಫಿಕೇಟಿಗೆ ಸಹಿ ಹಾಕಿದರೆ ನೌಕರಿ ಕಾಯಂ. ಹಾಕದಿದ್ದರೆ ಮತ್ತೆ ಅಪ್ಪನ ಎದುರು ತಲೆ ತಗ್ಗಿಸಿ ರೊಟ್ಟಿ ಮುರಿಯುವುದು.

ಮೊದಲ ಹತ್ತು ತಿಂಗಳು ದೇವದುರ್ಗದಲ್ಲಿದ್ದೆ. ಅಲ್ಲಿ ನನ್ನ ಸಾಧನೆ ಒಂದೇ. ಎರಡೂ ಕಡೆಯಿಂದ ಗೆರೆ ಕಾಣುವ ಟ್ರೇಸಿಂಗ್ ಹಾಳೆಯ ನಕ್ಷೆಯನ್ನು ಮಗುಚಿ ಹಿಡಿದು ಪಾಯಕ್ಕೆ ಸುಣ್ಣದ ಗೆರೆ ಹಾಕಿಸಿದೆ. ಹಾಳೆಯ ಮೇಲಿನ ಅಕ್ಷರಗಳೆಲ್ಲ ತಿರುಗಿ ಕಾಣುತ್ತಿದ್ದವು, ನಿಜ. ಬಿಸಿಲಿಗೆ ನನ್ನ ಕಣ್ಣೇ ಕೆಟ್ಟಿರಬೇಕು ಅಂದುಕೊಂಡೆ. ಪಾಯ ತೋಡಿ ಮುಗಿದಾಗ ಬಾವಿಯಿಂದ ದೂರವಿರಬೇಕಿದ್ದ ಪಾಯಖಾನೆ ಬಾವಿಯ ಪಕ್ಕದಲ್ಲೇ ಬಂದು ಕೂತಿತ್ತು. ಸಾಹೇಬರು ಬಯ್ಯಲಿಲ್ಲ. "ಇಂವ ಕನ್ನಡಿಯೊಳಗ ಮನಿ ಕಟ್ಟತಾನ" ಎಂದಷ್ಟೇ ಹೇಳಿ ನನ್ನನ್ನು ಮಾನ್ವಿಗೆ ಕಳಿಸಿದರು. ಹೊರಡುವಾಗ ಕರೆದು, "ಇದು ಕಡೀ ಸಲ, ತಿಳೀತಿಲ್ಲೋ?" ಎಂದರು.

ಮಾನ್ವಿಯಲ್ಲಿ ಕಟ್ಟುತ್ತಿದ್ದುದು ಮೂರು ಕೋಣೆಯ ದನದ ದವಾಖಾನೆ. ನಾನು ಹೋಗುವ ಹೊತ್ತಿಗೆ ಗೋಡೆಗಳು ಎದ್ದಿದ್ದವು. ಜೂನ್ ತಿಂಗಳಲ್ಲಿ ಸ್ಲ್ಯಾಬ್ ಹಾಕಿದೆವು. ಹೊಸ ಸ್ಲ್ಯಾಬನ್ನು ಇಪ್ಪತ್ತೊಂದು ದಿನ ಒಣಗಲು ಬಿಡಬಾರದು, ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಮೇಲೆ ಮಣ್ಣಿನ ಸಣ್ಣ ಒಡ್ಡುಗಳನ್ನು ಹಾಕಿ, ಚೌಕ ಚೌಕವಾಗಿ ನೀರು ನಿಲ್ಲಿಸುತ್ತಾರೆ. ಮುಂಗಾರಿನ ಮಿರಗದ ಮಳೆ ಮುಖ ತೋರಿಸಿರಲಿಲ್ಲ, ಕಾಲುವೆಗೂ ಇನ್ನೂ ನೀರು ಬಿಟ್ಟಿರಲಿಲ್ಲ. ಎತ್ತಿನ ಗಾಡಿಯ ಪೀಪಾಯಿಯಲ್ಲಿ ನೀರು ಬರುತ್ತಿತ್ತು. ಅದನ್ನು ಮೇಲೆ ಹೊರಲು ಸಿರವಾರದ ಕಡೆಯ ಒಬ್ಬ ವಯಸ್ಸಾದ ಹೆಂಗಸು ಕೂಲಿಗಿದ್ದಳು. ನಾನು ಆಕೆಯನ್ನು ಯವ್ವಾ ಎನ್ನುತ್ತಿದ್ದೆ. ಆಕೆ ನನ್ನನ್ನು ಎದುರಿಗೆ ಸಾಹೇಬ್ರ ಎಂದೂ, ಹಿಂದೆ ಆ ಹುಡುಗ ಎಂದೂ ಕರೆಯುತ್ತಿದ್ದಳು.

ಐದನೆಯ ದಿನಕ್ಕೆ ನನಗೆ ಸಾಕಾಯಿತು. ನೀರು ನೋಡುತ್ತ ಕೂರಲು ಡಿಪ್ಲೊಮಾ ಯಾಕೆ ಬೇಕು? ರಾಯಚೂರಿನಲ್ಲಿ ಹೊಸ ಸಿನಿಮಾ ಬಂದಿತ್ತು, ಮನೆಯಲ್ಲಿ ಮಾವಿನಹಣ್ಣಿನ ಸೀಕರಣೆ ಇತ್ತು. ಒಂದೇ ದಿನ ಎಂದು ಬಸ್ಸು ಹತ್ತಿದವನು ನಾಲ್ಕು ದಿನ ಉಳಿದುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ನೆನಪಾಯಿತು. ನನ್ನ ಚೀಟಿ ಇಲ್ಲದೆ ಗಾಡಿಯವನು ನೀರು ತರುವುದಿಲ್ಲ. ನಾಲ್ಕು ದಿನ, ಅದೂ ಆ ಬಿಸಿಲಲ್ಲಿ! ಸ್ಲ್ಯಾಬಂತೂ ಹಪ್ಪಳವಾಗಿರುತ್ತದೆ. ಬಸ್ಸಿಳಿದವನೇ ಓಡಿಹೋಗಿ ಏಣಿ ಹತ್ತಿದೆ.

ಸ್ಲ್ಯಾಬು ಹಸಿರಾಗಿತ್ತು.

ಪಾಚಿಯಲ್ಲ, ಭತ್ತದ ಸಸಿ. ಒಂದೊಂದು ಚೌಕದಲ್ಲೂ ಗೋಣಿತಟ್ಟು ಹಾಸಿ, ತೆಳ್ಳಗೆ ಕೆಸರು ಬಳಿದು, ಮೊಳಕೆ ಭತ್ತ ಚೆಲ್ಲಿದ್ದರು. ಸೂಜಿಯಂಥ ಸಸಿಗಳು ಒತ್ತಾಗಿ ಎದ್ದು ನಿಂತಿದ್ದವು. ನಡುವೆ ಆ ಮುದುಕಿ ಸೀರೆ ಎತ್ತಿ ಕಟ್ಟಿಕೊಂಡು ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು.

"ಏನಿದು ಯವ್ವಾ?" ಎಂದು ಚೀರಿದೆ.

"ಕಾಣವಲ್ದೇನ್ರೀ? ಸಸಿಮಡಿ. ಕಾಲುವಿ ನೀರು ಬರೋದ್ರೊಳಗ ಸಸಿ ತಯಾರ ಆಗಬೇಕಲ್ರೀ. ನಮ್ಮ ಹತ್ತು ಗುಂಟೆ ನಾಟಿಗೆ ಬೇಕು. ಇಡೀ ತಾಲೂಕಿನ್ಯಾಗ ನೀರು ನಿಂತಿದ್ದು ಇದೊಂದ ಜಾಗದಾಗ. ಸುಮ್ನ ನಿಂತಿತ್ತು, ಹಾಕೀನಿ."

"ಇದು ಸರ್ಕಾರಿ ಸ್ಲ್ಯಾಬು!"

"ಹೌದ್ರೀ. ನಾ ಏನ್ ಕಿತ್ತುಕೊಂಡ್ ಹೋಗಾಕತ್ತೀನೇನು?"

ಕೆಳಗೆ ದನದ ದವಾಖಾನೆ, ಮೇಲೆ ಮೇವು! ಸಾಹೇಬರು ಕಂಡರೆ ನನ್ನ ಕಥೆ ಮುಗಿಯಿತು. ಕಿತ್ತುಹಾಕು ಅಂದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಗಾಡಿಯಂವ ಬರ್ಲಿಲ್ಲ ಅಂತ ನಾಕು ದಿನ ಬಾವಿಯಿಂದ ಕೊಡದಾಗ ಹೊತ್ತು ಹಾಕೀನಿ. ನೀವು ಎಲ್ಲಿದ್ರಿ?" ಕಿತ್ತುಹಾಕುವ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನವೇ ಸಾಹೇಬರ ಜೀಪು ಬಂತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಜೀಪಿನ ಸದ್ದಿಗೇ ಓಡಿಹೋಗಿ ಏಣಿಗೆ ಅಡ್ಡ ನಿಂತೆ. ಚಹಾ ತರಿಸಲೇ ಎಂದೆ. ಕೆಳಗಿನ ಗೋಡೆ ತೋರಿಸಿದೆ, ಕಿಟಕಿ ತೋರಿಸಿದೆ, ಇದ್ದ ಒಂದೇ ಬಾಗಿಲ ಚೌಕಟ್ಟನ್ನು ಎರಡು ಸಲ ತೋರಿಸಿದೆ. ಅವರು ಯಾವುದಕ್ಕೂ ಸೊಪ್ಪು ಹಾಕದೆ ಏಣಿ ಹತ್ತಿದರು.

ಮೇಲೆ ಒಂದೊಂದೇ ಚೌಕ ನೋಡುತ್ತ ಹೋದರು. ಆಮೇಲೆ ಸಾಹೇಬರು ಕುಕ್ಕುರುಗಾಲಲ್ಲಿ ಕೂತು ಒಂದು ಸಸಿ ಕಿತ್ತರು. ಬೇರು ನೋಡಿದರು, ಮೂಸಿದರು.

"ಎಷ್ಟು ದಿನದ್ದವ್ವಾ?"

"ಐದು ದಿನದ್ದು ಸಾಹೇಬ್ರ."

"ಒಂದು ಮಧ್ಯಾಹ್ನನಾರ ನೀರು ಆರಿತ್ತೇನು?"

"ಆರಿದ್ರ ಇವು ಇರತಿದ್ದವೇನ್ರೀ?"

ಸಾಹೇಬರು ನನ್ನ ಕಡೆ ತಿರುಗಿದರು. "ಸ್ಲ್ಯಾಬಿಗೆ ಏನೂ ಆಗಿಲ್ಲ. ಒಂದು ಗಳಿಗಿನೂ ಒಣಗಿಲ್ಲ. ಇರ್ಲಿ, ಸಿನಿಮಾ ಹ್ಯಾಂಗಿತ್ತು?"

ನಾನು ಬಗ್ಗಿ, ಸರಿಯಾಗಿಯೇ ಇದ್ದ ಒಡ್ಡನ್ನು ಸರಿಮಾಡತೊಡಗಿದೆ.

"ಮಧ್ಯಾಹ್ನದ ಆಟ. ಇಂಟರ್ವಲ್‌ನ್ಯಾಗ ಮಿರ್ಚಿ ಭಜಿ ತಿನ್ನಾಕತ್ತಿದ್ದಿ. ನಿನ್ನ ಹಿಂದನ ನಿಂತಿದ್ನೆಪ್ಪಾ. ಸ್ಲ್ಯಾಬ್ ಒಣಗಿದ್ರ ಇವತ್ತ ನಿನ್ನ ಮನಿಗೆ ಕಳಸಬೇಕಂತನ ಬಂದೀನಿ."

ಕೆಲಸದ ದಿನ ಮಧ್ಯಾಹ್ನದ ಆಟಕ್ಕೆ ಸಾಹೇಬರು ಹೇಗೆ ಬಂದಿದ್ದರು ಎಂಬ ಪ್ರಶ್ನೆ ನನಗೆ ಹೊಳೆದದ್ದು ಜೀಪು ಹೋದ ಮೇಲೆ. ಹೋಗುವ ಮೊದಲು ಅವರು ಆ ಮುದುಕಿಗೆ ಹೇಳಿದರು: "ಯವ್ವಾ, ಇನ್ನ ಮ್ಯಾಲ ನೀರು ಇಂವ ಹೊರತಾನ. ನೀ ಕುಂತು ನೋಡು. ಇವಗ ಕೆಲಸ ಬರತದ ಅಂತ ನೀ ಅಂದ ದಿನ ನಾ ಸಹಿ ಹಾಕತೀನಿ."

ಅಂದಿನಿಂದ ನನ್ನ ನೌಕರಿ ಆಕೆಯ ನಾಲಿಗೆಯ ಮೇಲಿತ್ತು. ಆಕೆ ಮುಂಡಾಸಿನಂತೆ ಸೆರಗು ಸುತ್ತಿಕೊಂಡು ಒಡ್ಡಿನ ಮೇಲೆ ಕೂರುವಳು. ನಾನು ಕೊಡ ಹೊತ್ತು ಏಣಿ ಹತ್ತುವೆ. "ಆ ಮೂಲಿ ಆರ್ಯಾದ ನೋಡ್ರಿ." "ಮೆಲ್ಲಕ ಹಾಕ್ರೀ, ಬೇರು ಏಳತಾವ." ಮೂರು ದಿನಕ್ಕೆ ರೀ ಹೋಗಿ "ಹಾಕೋ ಯಪ್ಪಾ" ಆಯಿತು. ಗೌಂಡಿಗಳು ಕಟ್ಟುವ ಕೆಲಸ ಬಿಟ್ಟು ನನ್ನನ್ನೇ ನೋಡುತ್ತ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದೊಡನೆ ಸಸಿ ಎಷ್ಟು ಬೆಳೆದಿದೆ ಎಂದು ನೋಡಲು ಓಡುತ್ತಿದ್ದವನೂ ನಾನೇ.

ಇಪ್ಪತ್ತೊಂದು ದಿನ ತುಂಬುವುದಕ್ಕೂ ಕಾಲುವೆಗೆ ನೀರು ಬಿಡುವುದಕ್ಕೂ ಸರಿಹೋಯಿತು. ಸಸಿ ಕಿತ್ತು ಕಟ್ಟು ಕಟ್ಟಿ, ನಾನೇ ತಲೆಯ ಮೇಲೆ ಹೊತ್ತು ಏಣಿ ಇಳಿಸಿ, ಆಕೆಯ ಊರಿಗೆ ಹೊರಟಿದ್ದ ಎತ್ತಿನ ಗಾಡಿಗೆ ಹೇರಿದೆ. ಸಾಹೇಬರು ಜೀಪಿಗೆ ಒರಗಿ ನಿಂತು ಸರ್ಟಿಫಿಕೇಟಿನ ಹಾಳೆ, ಪೆನ್ನು ತೆಗೆದರು.

"ಏನವ್ವಾ, ಕೆಲಸ ಬರತದೇನು ಇವಗ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ಗಳಿಗೆಯಲ್ಲಿ ಅಪ್ಪನ ಮುಖ, ರೊಟ್ಟಿಯ ತಟ್ಟೆ ಎಲ್ಲವೂ ನನ್ನ ಕಣ್ಣ ಮುಂದೆ ಬಂದವು.

"ನೀರು ಹಾಕೋದು ಬಂದದ ಸಾಹೇಬ್ರ," ಅಂದಳು. "ನಾಟಿ ಹಚ್ಚೋದು ಬರೂದಿಲ್ಲ. ಎರಡ ದಿನ ಕಳಸ್ರಿ, ಅದನ್ನೂ ಕಲಿಸಿ ಕಳಸತೀನಿ. ಆಮ್ಯಾಲ ಸಹಿ ಹಾಕೀರಂತ."

ಸಾಹೇಬರು ನನ್ನ ಮುಖವನ್ನೂ ನೋಡದೆ ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಗಾಡಿ ಹತ್ತೋ," ಎಂದರು.