ಫೋನಿನಲ್ಲಿ ಇಳಿದ ತೂಕ

ರೈಲು ಹೊರಟ ಸ್ವಲ್ಪ ಹೊತ್ತಿಗೇ ಬರುವ ದುವ್ವಾಡದಲ್ಲೇ ನಿಂತುಬಿಡಬಹುದಿತ್ತು. ವಿಜಯವಾಡದ ಸೆಕೆಗೆ ನನ್ನ ಬಿಪಿ ಏರಬಹುದಿತ್ತು. ಬಾಗಿಲು ತೆರೆದ ತಕ್ಷಣ ತಂಗಿಯ ಕಣ್ಣು ನನ್ನ ಹೊಟ್ಟೆಯ ಮೇಲೆ ಬೀಳಬಹುದಿತ್ತು. ಅವಳು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನನ್ನ ಸುಳ್ಳು ಗೊತ್ತಾಗಿ ಅವಳು ಬೇಸರದಿಂದ ಪಥ್ಯವನ್ನೇ ಬಿಟ್ಟುಬಿಡಬಹುದಿತ್ತು. ಆರು ಕಿಲೋ ಇಳಿಸದೆ ಮೊಣಕಾಲಿನ ಆಪರೇಷನ್ ಮಾಡುವುದಿಲ್ಲ ಎಂದಿದ್ದರು ಅವಳ ಡಾಕ್ಟರು. ವಿಶಾಖಪಟ್ಟಣದಿಂದ ಹೊರಟವನು ದಾರಿಯುದ್ದಕ್ಕೂ ಇವನ್ನೇ ಎಣಿಸುತ್ತ ಬಂದೆ.

ಸುಳ್ಳು ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. ಧಾರವಾಡದಿಂದ ವಿಜಯವಾಡದ ಪಟಮಟದ ತೆಲುಗು ಮನೆಗೆ ಸೊಸೆಯಾಗಿ ಬಂದವಳು ತಂಗಿ. ಒಬ್ಬಳೇ ಪಥ್ಯ ಮಾಡಲು ಅವಳಿಗೆ ಬೇಜಾರು. "ನಾನೂ ಮಾಡ್ತೀನಿ ತಗೋ" ಎಂದೆ. ಅವಳು ಪಾಯಿಂಟಿನ ಪದ್ಧತಿ ಹಿಡಿದಳು: ದಿನಕ್ಕೆ ಇಷ್ಟು ಪಾಯಿಂಟು, ಕರಿದದ್ದಕ್ಕೆ, ಸಿಹಿಗೆ ಹೆಚ್ಚು, ಹಣ್ಣು ತರಕಾರಿಗೆ ಸೊನ್ನೆ. ನನಗೆ ಅದು ಮಕ್ಕಳಾಟ ಎನಿಸಿತು. ನಾನು ಕ್ಯಾಲೊರಿಯವನು, ತುತ್ತು ತುತ್ತಿಗೂ ಸಂಖ್ಯೆ ಬೇಕು. ತೊಂದರೆಯೇನೆಂದರೆ, ವಿಶಾಖಪಟ್ಟಣದ ದ್ವಾರಕಾ ನಗರದ ನಮ್ಮ ಬ್ಯಾಂಕಿಗೆ ಸಂಜೆ ಬರುವ ಮೆಣಸಿನಕಾಯಿ ಬಜ್ಜಿಯನ್ನು ಯಾರೂ ತೂಗಿ ಕೊಡುವುದಿಲ್ಲ. ತೂಗದ್ದನ್ನು ಬರೆಯುವುದು ಹೇಗೆ? ಬರೆಯಲಿಲ್ಲ.

ಭಾನುವಾರ ತಂಗಿಯ ಫೋನು ಬರುತ್ತಿತ್ತು.

"ಎಷ್ಟ ಇಳಿದಿ ಅಣ್ಣಾ?"

"ಅರ್ಧ ಕಿಲೋ."

ಅವಳಿಗೆ ಹುರುಪು ಬರಲೆಂದು ಮುಂದಿನ ವಾರವೂ ಅರ್ಧ ಎಂದೆ. ಎರಡು ತಿಂಗಳಲ್ಲಿ ಫೋನಿನಲ್ಲಿ ನಾಲ್ಕು ಕಿಲೋ ಇಳಿದಿದ್ದೆ. ಯಂತ್ರದ ಮೇಲೆ ಒಂದು ಕಿಲೋ ಏರಿದ್ದೆ.

ಬಾಗಿಲು ತೆರೆದ ತಂಗಿ, "ಮುಖ ಎಷ್ಟ ಸಣ್ಣ ಆಗೇತಿ" ಎಂದಳು. ಅದು ನಿದ್ದೆಗೆಟ್ಟ ಮುಖ. ಹೊಟ್ಟೆಯನ್ನು ಅಗಲದ ಅಂಗಿ ಕಾಪಾಡಿತು.

ಊಟಕ್ಕೆ ಅವಳ ಅತ್ತೆಯೇ ಬಡಿಸಿದರು. ಎರಡನೇ ಸಲ ತುಪ್ಪ ಬಂದಾಗ "ಸಾಕು, ಸಾಕು" ಎಂದೆ. ತೆಲುಗಿನಲ್ಲಿ ಸಾಕು ಎಂದರೆ ನೆಪ. "ಸಾಕುಲು ಚೆಪ್ಪಕು ಬಾಬೂ," ನೆಪ ಹೇಳಬೇಡಪ್ಪ ಎನ್ನುತ್ತ ಅವರು ಸುರಿದೇಬಿಟ್ಟರು. ನಾನು ಹೋದಾಗಲೆಲ್ಲ ನಡೆಯುವ ತಮಾಷೆ ಇದು. ಈ ಸಲ ಮಾತ್ರ ನಗು ಬರಲಿಲ್ಲ. ಎರಡು ತಿಂಗಳಿಂದ ನಾನು ಬೇರೇನು ಹೇಳಿದ್ದೆ? ಕೈ ತೊಳೆದ ಮೇಲೆ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ.

ತಂಗಿಯೇ ಮೊದಲು ಬಾಯಿ ತೆರೆದಳು. "ನಾ ಪಾಯಿಂಟ್ ಬಿಟ್ಟೆ ಅಣ್ಣಾ. ಹದಿನೈದು ದಿನಾ ಆತು. ಆಗ ನಿನಗ ಮೂರು ಕಿಲೋ ಇಳಿದಿತ್ತು, ನನಗ ಎರಡ. ನಿಂದ ಖರೇ ಲೆಕ್ಕ ಅಂತ ಈಗ ನಾನೂ ಕ್ಯಾಲೊರಿ ಬರಿಯಾಕತ್ತೀನಿ."

"ಇಳಿಯಾಕತ್ತೈತೇನ?"

"ಮೊದಲಿನಂಗನ ಇಳಿಯಾಕತ್ತೈತಿ. ಹಿಂಗ ಆರು ಕಿಲೋ ಇಳಿದ್ರ ಆಪರೇಷನ್ ಆಗ್ತೈತಿ ಅಂದಾರ ಡಾಕ್ಟರು."

"ನನ್ನ ಲೆಕ್ಕ ಅಷ್ಟೇನ್ ಖರೇ ಅಲ್ಲವ್ವಾ" ಎಂದೆ.

"ಭಾಳ ವಿನಯ ಮಾಡಬ್ಯಾಡ. ನಿನ್ನ ನೋಡೇ ನನಗ ಧೈರ್ಯ ಬಂದೈತಿ" ಎಂದು ಎದ್ದಳು.

ಆ ಧೈರ್ಯವನ್ನು ಕಿತ್ತುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಊಟದ ಮೇಲೆ ಬಾಳೆಹಣ್ಣು ತಿನ್ನದಿದ್ದರೆ ಊಟವೇ ಆಗಲಿಲ್ಲ ಎನ್ನುವವಳು ಅವಳು, ಚಿಕ್ಕಂದಿನಿಂದಲೂ. ಒಂದು ಹಣ್ಣು ಕಿತ್ತು ತಂದಳು. "ಪಾಯಿಂಟಿನ್ಯಾಗ ಇದಕ್ಕ ಸೊನ್ನೆ ಇತ್ತು. ನಿನ್ನ ಲೆಕ್ಕದಾಗ ನೂರು" ಎನ್ನುತ್ತ ನಡುವೆ ಮುರಿದಳು. ಅರ್ಧ ತಿಂದು, ಉಳಿದರ್ಧವನ್ನು ಸಿಪ್ಪೆಯಲ್ಲೇ ಸುತ್ತಿ ನಾಳೆಗೆಂದು ಫ್ರಿಜ್ಜಿನಲ್ಲಿಟ್ಟಳು.