ಕೆಂಡದ ಮುಂದಿನ ಪಾದ

“ಬಸ್ಸಿಗೆ ಹೊತ್ತಾಯ್ತು, ನಾನು ಹೋಗ್ತೀನಿ,” ಎಂದು ಮಾದಿ ಅಕ್ಕ ಆಸ್ಪತ್ರೆಯ ಬೆಂಚಿನಿಂದ ಎದ್ದೇಬಿಟ್ಟರು. ನಮ್ಮ ಬೆಟ್ಟದೂರು ಇತ್ತಲಾರಿನಲ್ಲಿ ನೆರೆಮನೆಯವರಾದ ಅವರು ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಬಲಗಾಲನ್ನೇ ಕಳೆದುಕೊಳ್ಳುವ ಭಯದಲ್ಲಿದ್ದರು. ರಕ್ತಪರೀಕ್ಷೆಗೆ ಒಂದು ಕಟ್ಟಡ, ಡ್ರೆಸ್ಸಿಂಗಿಗೆ ಇನ್ನೊಂದು, ವೈದ್ಯರಿಗೆ ಮತ್ತೊಂದು. ನಡೆಯಬಾರದ ಕಾಲನ್ನೇ ಹೀಗೆ ನಡೆಸುವುದು ಅನ್ಯಾಯ. ಹುಣ್ಣು ಮಾಯದಿದ್ದರೆ ರೋಗಿಯದೇ ಅಲಕ್ಷ್ಯವೆಂದು ಬೈಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಅಷ್ಟರಲ್ಲಿ, ರೋಗಿಗಳಿಗೆ ದಾರಿ ತೋರಲೆಂದೇ ಹೊಸದಾಗಿ ನೇಮಕಗೊಂಡಿದ್ದ ಶಾಂತಿ ಗಾಲಿಕುರ್ಚಿ ತಂದರು. “ಕೂತ್ಕೊಳ್ಳಿ ಅಕ್ಕಾ. ಬಸ್ಸು ಇನ್ನೊಂದು ಬರುತ್ತೆ, ಕಾಲು ಬರುತ್ತಾ?”

ಕುರ್ಚಿಯನ್ನು ತಾವೇ ತಳ್ಳುತ್ತ ಮನೆಯ ಸುದ್ದಿಯನ್ನೆಲ್ಲ ವಿಚಾರಿಸಿದ ಶಾಂತಿ, ಚಳಿಗೆ ಏನು ಮಾಡುತ್ತೀರೆಂದೂ ಕೇಳಿದರು.

“ಸಂಜೆ ಕೆಂಡದ ಮುಂದೆ ಕಾಲಿಡ್ತೀನಿ. ಬಿಸಿಯೇ ಗೊತ್ತಾಗಲ್ಲಮ್ಮ, ಅದಕ್ಕೆ ಇನ್ನೂ ಹತ್ತಿರ ಇಡ್ತೀನಿ.”

ಗಾಲಿಕುರ್ಚಿ ನಿಂತುಬಿಟ್ಟಿತು. ಸ್ಪರ್ಶಜ್ಞಾನ ಕಳೆದುಕೊಂಡ ಆ ಪಾದ ಪ್ರತಿ ಸಂಜೆಯೂ ಗೊತ್ತಾಗದೆಯೇ ಸುಟ್ಟುಕೊಳ್ಳುತ್ತಿತ್ತು; ತಿಂಗಳುಗಟ್ಟಲೆ ಔಷಧಿ ಬರೆದವರಾರೂ ಈ ಒಂದು ಪ್ರಶ್ನೆ ಕೇಳಿರಲಿಲ್ಲ. ಶಾಂತಿ ವೈದ್ಯರ ಕೋಣೆಗೂ ಜೊತೆಗೆ ಬಂದು ಅದನ್ನು ಅವರಿಗೆ ತಿಳಿಸಿದರು. ಮಾದಿ ಅಕ್ಕನ ಮನೆಯಲ್ಲಿ ಕೆಂಡ ದೂರ ಸರಿಯಿತು, ಉಣ್ಣೆಯ ಕಾಲುಚೀಲ ಬಂತು. ಅಕ್ಕ ಡ್ರೆಸ್ಸಿಂಗಿಗೆ ಹೋದಾಗಲೆಲ್ಲ ಶಾಂತಿ ಗಾಲಿಕುರ್ಚಿಯೊಂದಿಗೆ ಆಸ್ಪತ್ರೆಯ ಬಾಗಿಲಲ್ಲೇ ಕಾದಿರುತ್ತಿದ್ದರು.

ಹುಣ್ಣು ಈಗ ಬಹುಮಟ್ಟಿಗೆ ಮಾಯ್ದಿದೆ. ಮೊನ್ನೆ ಅವರ ಮನೆಯಲ್ಲಿ ನಾನು ಚಳಿ ತಾಳದೆ ಕೆಂಡದತ್ತ ಕಾಲು ಚಾಚಿದಾಗ ಮಾದಿ ಅಕ್ಕ, “ಏ, ಹಿಂದಕ್ಕೆ ತೆಗಿ! ಮೊದಲು ಪಾದ ತೋರಿಸು,” ಎಂದು ಗದರಿ, ನನ್ನ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದರು.