ಮುದುಡದ ಗಾಡಿ

ಗಟ್ಟಿಯಣ್ಣ ಎಂಬ ಹೆಸರನ್ನು ಅವನಿಗೆ ಹೆತ್ತವರು ಇಟ್ಟದ್ದಲ್ಲ, ಅವನ ಬಾಯಿಯೇ ಇಟ್ಟದ್ದು. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತಿ, ಹರಿದ ಕಡೆ ಬೆಸುಗೆ ಹಾಕಿ, ಮತ್ತೆ ರಸ್ತೆಗೆ ಬಿಡುವ ಟಿಂಕರ್ ಕೆಲಸ ಅವನದು. ಯಾವ ವಸ್ತು ಕಂಡರೂ ಮೊದಲು ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು ನೋಡಬೇಕು. ಸದ್ದು ಹಿಡಿಸಿತೋ, "ಗಟ್ಟಿ ಇದೆ" ಎನ್ನುವನು. ಹಿಡಿಸಲಿಲ್ಲವೋ, "ತಗಡು" ಎಂದು ಮುಖ ತಿರುಗಿಸುವನು. ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಬೀರುವನ್ನು ಬಡಿದು ನೋಡಿ, ಮಾವನ ಎದುರಿಗೇ "ತಗಡು" ಎಂದು ತೀರ್ಪು ಕೊಟ್ಟು, ಹೆಂಡತಿ ವಾರಗಟ್ಟಲೆ ಮಾತು ಬಿಡುವಂತೆ ಮಾಡಿಕೊಂಡ ಆಸಾಮಿ ಅವನು.

ಎರಡು ಬೀದಿ ಕೂಡುವಲ್ಲಿ ಅವನ ಶೆಡ್ಡು, ಶೆಡ್ಡಿನ ಬೆನ್ನಿಗೇ ಮನೆ. ನಡುವೆ ಒಂದೇ ಬಾಗಿಲು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಸುತ್ತಿಗೆಯ ಸದ್ದು ಕೇಳಿದರೆ ಸಾಕು, ಗಂಡನ ಸಿಟ್ಟು ಇವತ್ತು ಎಲ್ಲಿಯವರೆಗೆ ಏರಿದೆ ಎಂದು ಗೊತ್ತಾಗುತ್ತಿತ್ತು. ಆಕೆ ಮೆತ್ತಗಿನ ಹೆಂಗಸು. ಯಾರ ಮನಸ್ಸಿಗೂ ನೋವಾಗಬಾರದು, ಯಾವ ಮಾತನ್ನೂ ಸಮಯ ನೋಡಿಯೇ ಹೇಳಬೇಕು ಎನ್ನುವವಳು. ಆ ಮನೆಯಲ್ಲಿ ಜೋರು ಬಾಯಿ ಇದ್ದದ್ದು ಒಬ್ಬಳೇ ಮಗಳಿಗೆ.

ಆ ಊರಿನಲ್ಲಿ ಒಂದು ಕಂಪನಿಯ ಕಾರಿಗೆ ಜನ ಅಜ್ಜಿಗಾಡಿ ಎನ್ನುತ್ತಿದ್ದರು. ಪೆಟ್ಟಿಗೆಯಂಥ ಆಕಾರ, ಓಟದಲ್ಲಿ ಒಂದು ಜೋರಿಲ್ಲ, ನೋಡಲು ಒಂದು ಚಂದವಿಲ್ಲ. ಕೊಳ್ಳುವವರು ಡಾಕ್ಟರುಗಳು, ನಿವೃತ್ತ ಹೆಡ್ಮಿಸ್ಟ್ರೆಸ್ಸುಗಳು, ಮೊದಲ ಮಗು ಹುಟ್ಟಿದ ಗಾಬರಿಯಲ್ಲಿರುವ ಅಪ್ಪಂದಿರು. ಅದರಲ್ಲಿ ಕೂತರೆ ಜೀವಕ್ಕೆ ಭಯವಿಲ್ಲ ಎನ್ನುವುದೊಂದೇ ಅದರ ಕೀರ್ತಿ. ಗಟ್ಟಿಯಣ್ಣನಿಗೆ ಮಾತ್ರ ಆ ಗಾಡಿಯನ್ನು ಕಂಡರೆ ಮೈಯೆಲ್ಲ ಉರಿ. ಎಲ್ಲಿ ಗುದ್ದಿದರೂ ಅದರ ಮುಂಭಾಗ ಕೈಯಲ್ಲಿ ಮುದುರಿದ ಕಾಗದದ ಹಾಗಾಗಿ ಕ್ರೇನಿಗೆ ನೇತುಬಿದ್ದು ಬರುತ್ತಿತ್ತು. ಹಿಂದೆಯೇ ಅದರ ಮಾಲೀಕರು ಆಟೋದಲ್ಲಿ ಬಂದಿಳಿಯುತ್ತಿದ್ದರು. ಶೆಡ್ಡಿನಲ್ಲಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು, ಚಹಾ ತರಿಸಿಕೊಂಡು, ಹೇಗೆ ಗುದ್ದಿತು, ಹೇಗೆ ಕಣ್ಣು ಕತ್ತಲಾಯಿತು, ಹೇಗೆ ಬಾಗಿಲು ತೆಗೆದುಕೊಂಡು ಇಳಿದು ಬಂದೆವು ಎಂದು ಗಂಟೆಗಟ್ಟಲೆ ಹೇಳುವರು. ಗಟ್ಟಿಯಣ್ಣ ಕೇಳಿಸಿಕೊಂಡಂತೆ ಮಾಡಿ ಸುತ್ತಿಗೆ ಬಡಿಯುವನು.

ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ಆ ಕಂಪನಿಯ ಪುರಾಣವನ್ನೇ ಬಿಚ್ಚಿದರು.

"ಮೊದಮೊದಲು ಇವರೂ ಬಂಡೆ ಥರ ಗಾಡಿ ಮಾಡ್ತಿದ್ರಂತೆ ಕಣಯ್ಯ. ಗುದ್ದಿದ್ರೆ ಗಾಡಿಗೆ ಏನೂ ಆಗ್ತಿರಲಿಲ್ಲ, ಒಳಗಿದ್ದೋರು ಉಳೀತಿರಲಿಲ್ಲ. ಆಮೇಲೆ ಒಬ್ಬ ಇಂಜಿನಿಯರು, ಮುಂದಿನ ಭಾಗ ಮುರ್ಕೊಂಡು ಹೋಗ್ಲಿ, ಏಟೆಲ್ಲ ಅದೇ ತಿನ್ಲಿ, ಕೂತೋರ ಹತ್ರ ಬರೋದು ಬೇಡ ಅಂದನಂತೆ. ಜೊತೆಯೋರೆಲ್ಲ ಬಿದ್ದುಬಿದ್ದು ನಕ್ಕರಂತೆ. ಅವನು ಹಟ ಬಿಡಲಿಲ್ಲ ನೋಡು."

"ಮುರಿಯೋ ಗಾಡಿ ಮಾಡಿ, ಮುರಿದಾಗ ಅದೇ ಒಳ್ಳೇದು ಅನ್ನೋದು! ವ್ಯಾಪಾರ ಅಂದ್ರೆ ಇದು ಡಾಕ್ಟ್ರೇ!" ಎಂದು ಗಟ್ಟಿಯಣ್ಣನೂ ಬಿದ್ದುಬಿದ್ದು ನಕ್ಕ. ಡಾಕ್ಟರೂ ನಕ್ಕುಬಿಟ್ಟರು. ಆವತ್ತು ಆ ಮಾತು ಅವನ ತಲೆಯೊಳಗೆ ಇಳಿದಿದ್ದರೆ! ಇಳಿಯಲಿಲ್ಲ. ಏಟು ತಿಂದೂ ಬಗ್ಗದ್ದೇ ಒಳ್ಳೆಯದು ಎಂದು ಜೀವಮಾನವಿಡೀ ನಂಬಿದವನಿಗೆ ಬೇರೆ ಮಾತು ಹೇಗೆ ಹಿಡಿಸೀತು?

ಮಗಳು ನರ್ಸ್. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಕಟ್ಟು ಕಟ್ಟಿ, ಸೂಜಿ ಚುಚ್ಚಿ, ಔಷಧಿ ನುಂಗದ ಮುದುಕರಿಗೆ ಗದರಿಸಿ ನುಂಗಿಸಿ ಬರುವುದು ಅವಳ ಕೆಲಸ. ಓಡಾಟ ಜಾಸ್ತಿಯಾಯಿತೆಂದು ಒಂದು ದಿನ ಹಳೆಯ ಅಜ್ಜಿಗಾಡಿಯೊಂದನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಅಪ್ಪ ಹೊರಗೆ ಬಂದವನೇ ಬಾನೆಟ್ಟಿನ ಮೇಲೆ ಟಕಟಕ ಬಡಿದ.

"ಹೇಳ್ಬೇಡ," ಎಂದಳು ಮಗಳು. "ನೀನೇನು ಹೇಳ್ತೀಯ ಅಂತ ಗೊತ್ತು."

"ತಗಡು ಕಣೆ ಇದು! ಮೊಣಕೈ ಊರಿದ್ರೆ ತಗ್ಗು ಬೀಳತ್ತೆ. ಎದುರಿಗೊಂದು ಲಾರಿ ಬಂದ್ರೆ ಏನ್ ಮಾಡ್ತೀಯ?"

"ಲಾರಿಗೆ ದಾರಿ ಬಿಡ್ತೀನಿ. ಮುಚ್ಕೊಂಡು ಒಳಗೆ ಹೋಗಪ್ಪ, ಬಿಸಿಲಲ್ಲಿ ನಿಂತ್ಕೊಂಡು ತಲೆ ತಿನ್ಬೇಡ. ಮತ್ತೆ ಇದಕ್ಕೆ ಕೈ ಹಾಕೀಯ ಜೋಕೆ. ಇದು ಹೇಗಿದೆಯೋ ಹಾಗೇ ಇರಬೇಕು."

ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ಗಟ್ಟಿಯಣ್ಣನಿಗೆ ನಗು ಬರಲಿಲ್ಲ. ಅಂದಿನಿಂದ ಅವನ ನಿದ್ದೆ ಹಾಳಾಯಿತು. ಯಾರದೋ ನುಜ್ಜುಗುಜ್ಜಾದ ಗಾಡಿಯ ಬಾಗಿಲು ತೆಗೆದರೂ ಆ ಸೀಟಿನಲ್ಲಿ ಮಗಳು ಕೂತಂತೆ ಕಾಣುತ್ತಿತ್ತು. ಅವಳು ಸಂಜೆ ಮನೆ ಸೇರುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವನು, ಬಂದ ಮೇಲೆ ಏನೂ ಆಗದವನಂತೆ "ಇಷ್ಟು ಬೇಗ ಬಂದೆಯಾ?" ಎನ್ನುವನು.

ಅವಳು ತರಬೇತಿಗೆಂದು ಕೆಲವು ದಿನ ಬೇರೆ ಊರಿಗೆ ಹೋದಳು. ಹೋಗುವಾಗ, ಗೇಟಿಗೆ ಉಜ್ಜಿದ ಗೀರಿಗೆ ಬಣ್ಣ ಹಚ್ಚಿಡು ಎಂದು ಬೀಗದ ಕೈ ಕೊಟ್ಟಳು. ಬಣ್ಣ ಹಚ್ಚಿ ಸುಮ್ಮನಿರಬೇಕಿತ್ತು. ಅವನು ಬಂಪರು ಬಿಚ್ಚಿದ. ಹಳೆಯ ಲಾರಿಯೊಂದರಿಂದ ಕತ್ತರಿಸಿಟ್ಟಿದ್ದ ದಪ್ಪ ಕಬ್ಬಿಣದ ಪಟ್ಟಿಗಳೆರಡನ್ನು ಆರಿಸಿ, ಬಂಪರಿನ ಹಿಂದಿನಿಂದ ಹಿಡಿದು ಡ್ರೈವರಿನ ಕಾಲ ಕೆಳಗಿನ ನೆಲದವರೆಗೆ, ಎಡಕ್ಕೊಂದು ಬಲಕ್ಕೊಂದು ಕೂರಿಸಿ ಬೆಸೆದ. ಬೆಸುಗೆ ಉಜ್ಜಿ ನುಣುಪು ಮಾಡಿದ, ಕಪ್ಪು ಬಣ್ಣ ಬಳಿದ. ಜೀವನದಲ್ಲಿ ಅಷ್ಟು ಪ್ರೀತಿಯಿಂದ ಅವನು ಇನ್ನೊಂದು ಕೆಲಸ ಮಾಡಿರಲಿಲ್ಲ. ಮುಗಿದ ಮೇಲೆ ಗೆಣ್ಣಿನಿಂದ ಬಡಿದ. ಗಟ್ಟಿ ಇತ್ತು. ಅಂದು ಕಣ್ಣು ತುಂಬ ನಿದ್ದೆ ಮಾಡಿದ.

ಮಗಳು ಬಂದು ಗಾಡಿ ಓಡಿಸಿದವಳೇ ವಾಪಸು ತಂದು ನಿಲ್ಲಿಸಿದಳು. "ಮುಂದುಗಡೆ ಭಾರ ಆಗಿದೆಯಲ್ಲ? ಏನ್ ಮಾಡಿದೀಯ ನಿಜ ಹೇಳು."

ಅವನು ಬಹುಮಾನ ತೋರಿಸುವ ಮಗುವಿನ ಹಾಗೆ ನೆಲಕ್ಕೆ ಬಗ್ಗಿ ತೋರಿಸಿದ. ಅವಳು ಬಗ್ಗಿ ನೋಡಿದಳು. ಬೈಯಲೆಂದೇ ಬಾಯಿ ತೆರೆದವಳು ಅಪ್ಪನ ಮುಖ ನೋಡಿ, "ನಿನ್ನ ಕೈಗೊಂದು ಬೀಗ ಹಾಕ್ಬೇಕು ನೋಡು" ಎಂದಷ್ಟೇ ಹೇಳಿ ಹೊರಟಳು.

ಮುಂದಿನದನ್ನು ಎಳೆಯುವುದು ಬೇಡ. ಅದಾಗಿ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ತಿರುವಿನಲ್ಲಿ ಕೆಟ್ಟು ನಿಂತಿದ್ದ ಲಾರಿಯೊಂದರ ಬೆನ್ನಿಗೆ ಅವಳ ಗಾಡಿ ಗುದ್ದಿತು. ಸುದ್ದಿ ಕೇಳಿ ಗಟ್ಟಿಯಣ್ಣ ಎದ್ದುಬಿದ್ದು ಓಡಿದ. ಅಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಗಾಡಿ ಅಲ್ಲೇ ನಿಂತಿತ್ತು. ಒಂದು ದೀಪ ಒಡೆದಿತ್ತು, ಬಂಪರು ಸೊಟ್ಟಗಾಗಿತ್ತು, ಮುಂದಿನ ಗಾಜಿಗೆ ಒಂದು ಬಿರುಕೂ ಇರಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ನಡುರಸ್ತೆಯಲ್ಲಿ ನಿಂತು ಹೆಂಡತಿಗೆ ಫೋನು ಮಾಡಿ, "ಏನೂ ಆಗಿಲ್ಲ ಕಣೆ, ಗಾಬರಿ ಬೀಳ್ಬೇಡ! ಗಾಡಿ ಬಂಡೆ ಹಾಗೆ ನಿಂತಿದೆ. ನಾನು ಹಾಕಿದ್ದು ಕಾಪಾಡ್ತು ನೋಡು!" ಎಂದ. ಫೋನಿನ ಆ ಕಡೆಯಿಂದ ಮಾತೇ ಬರಲಿಲ್ಲ. ಗಾಬರಿಗೆ ಹಾಗಾಗಿದ್ದಾಳೆ ಎಂದುಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಕುರ್ಚಿಯ ಮೇಲೆ ಕೂರಿಸಿ ಹೇಳಿದರು. ಹೊರಗೆ ಗಾಯವಿರಲಿಲ್ಲ. ಭುಜದಿಂದ ಎದೆಗೆ ಅಡ್ಡಲಾಗಿ ಬೆಲ್ಟಿನ ಕೆಂಪು ಗುರುತು ಮಾತ್ರ. ಏಟೆಲ್ಲ ಒಳಗೆ ಬಿದ್ದಿತ್ತು. ಹೆಂಡತಿ ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಗಾಡಿಗೇ ಏನೂ ಆಗಿಲ್ಲ ನೋಡಿ, ಅವಳ ಹಣೆಯಲ್ಲಿ ಬರೆದದ್ದು, ಯಾರೇನು ಮಾಡೋಕಾಗತ್ತೆ?" ಗಟ್ಟಿಯಣ್ಣನೂ ಅದನ್ನೇ ಹಿಡಿದುಕೊಂಡ. ನನ್ನ ಕೈಲಾದದ್ದನ್ನೆಲ್ಲ ಮಾಡಿದ್ದೆ ಎಂಬ ಒಂದು ಮಾತಿನ ಮೇಲೆ ಅವನು ಬದುಕಿದ್ದ.

ಆ ಮಾತನ್ನೂ ಕಿತ್ತುಕೊಳ್ಳಲು ಇನ್ನೊಂದು ಅಜ್ಜಿಗಾಡಿ ಬಂತು. ಮುಂಭಾಗ ಪೂರ್ತಿ ನುಜ್ಜುಗುಜ್ಜು. ಗುದ್ದಿದ ಗೋಡೆಯ ಸುಣ್ಣ ಇನ್ನೂ ಮೆತ್ತಿಕೊಂಡಿತ್ತು. ಹಿಂದೆಯೇ ಅದರ ಯಜಮಾನಿ ಬಂದಳು, ಮಗಳ ವಯಸ್ಸಿನವಳು, ಕಂಕುಳಲ್ಲಿ ಮಗು. ಒಳಗೆ ಬಿದ್ದುಹೋಗಿದ್ದ ಮಗುವಿನ ಒಂದು ಶೂ ಬೇಕಿತ್ತಂತೆ. ಬಾಗಿಲು ಒಂದೇ ಬೆರಳಿಗೆ ತೆರೆದುಕೊಂಡಿತು. ಒಳಗೆ ಸೀಟು ಸೀಟಿನ ಹಾಗೇ, ನೆಲ ನೆಲದ ಹಾಗೇ. "ಇಬ್ಬರಿಗೂ ಒಂದು ತರಚು ಗಾಯ ಇಲ್ಲ ಅಣ್ಣಾ," ಎಂದು ಅವಳು ಕಣ್ಣೀರು ಒರೆಸಿಕೊಂಡಳು. ಶೂ ಸಿಕ್ಕಿತು. ಮಗು ಅದನ್ನು ಬಾಯಿಗಿಟ್ಟುಕೊಂಡು ಅವನನ್ನೇ ನೋಡಿತು.

ಅವರು ಹೋದ ಮೇಲೆ ಅವನು ಬಂಪರು ಬಿಚ್ಚಿದ. ಒಳಗಿನ ಎರಡು ಉದ್ದ ಕಂಬಿಗಳು ಸೀರೆ ಮಡಚಿದ ಹಾಗೆ ಪದರಪದರವಾಗಿ ಮಡಚಿಕೊಂಡಿದ್ದವು. ಇಂಥವನ್ನು ಎಷ್ಟೋ ಸಲ ನೋಡಿ, ಕೀಳು ಕಬ್ಬಿಣ ಎಂದು ಬೈದು ಕತ್ತರಿಸಿ ಎಸೆದಿದ್ದ. ಇಂದು ಕೈಯಿಟ್ಟು ನೋಡಿದ. ಮಡಚದೆ ಉಳಿದ ಭಾಗದಲ್ಲಿ ಸಣ್ಣ ಸಣ್ಣ ತಗ್ಗುಗಳಿದ್ದವು, ಎಡಕ್ಕೂ ಬಲಕ್ಕೂ ಒಂದೇ ಅಂತರ, ಒಂದೇ ಆಳ. ಗುದ್ದಿ ಬಿದ್ದ ತಗ್ಗು ಯಾವುದು, ಅಚ್ಚೊತ್ತಿ ಮಾಡಿದ ತಗ್ಗು ಯಾವುದು ಎಂದು ತಗ್ಗು ಎತ್ತುವುದರಲ್ಲೇ ಕೂದಲು ಹಣ್ಣಾದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಲ್ಲೇ ಮಡಚಿಕೋ, ಇಲ್ಲಿಗೇ ನಿಲ್ಲು ಎಂದು ಯಾರೋ ಪುಣ್ಯಾತ್ಮರು ಮೊದಲೇ ಗುರುತು ಹಾಕಿಟ್ಟಿದ್ದರು. ಹಲ್ಲಿನ ಡಾಕ್ಟರ ಮಾತು ಆಗ ಅವನ ತಲೆಯೊಳಗೆ ಇಳಿಯಿತು.

ಎದ್ದು ಶೆಡ್ಡಿನ ಹಿಂದಕ್ಕೆ ಹೋದ. ಮಗಳ ಗಾಡಿ ಟಾರ್ಪಾಲಿನ ಕೆಳಗೆ ಇತ್ತು. ಅವನು ಕೂರಿಸಿದ ಪಟ್ಟಿಗಳು ನೆಟ್ಟಗೆ, ಹಾಕಿದಂತೆಯೇ ಇದ್ದವು. ಅವು ಮುಗಿಯುವ ಕಡೆ, ಅವಳು ಕಾಲಿಡುತ್ತಿದ್ದ ನೆಲ ಮೇಲಕ್ಕೆದ್ದಿತ್ತು. ಏಟು ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ. ಆ ದಾರಿ ಮಾಡಿಕೊಟ್ಟವನು ತಾನು. ಅಯ್ಯೋ, ಲಾರಿ ಕೊಲ್ಲಲಿಲ್ಲ, ಹಣೆಬರಹ ಕೊಲ್ಲಲಿಲ್ಲ, ಈ ಕೈ ಕೊಂದಿತು ಎಂದು ಅವನು ಅಲ್ಲೇ ಕುಸಿದು ಕೂತ.

ಅಂದಿನಿಂದ ಸುತ್ತಿಗೆ ಎತ್ತಲು ಮನಸ್ಸಾಗಲಿಲ್ಲ. ಬಂದ ಗಿರಾಕಿಗಳಿಗೆ ಬೆನ್ನು ನೋವು ಎಂದ. ಆದರೆ ಅವನನ್ನು ಹಗಲೂ ರಾತ್ರಿ ತಿನ್ನುತ್ತಿದ್ದದ್ದು ಒಂದೇ: ಹೆಂಡತಿಗೆ ಹೇಗೆ ಹೇಳಲಿ? ಹೇಳಿದರೆ ಇವಳೂ ಕೈಬಿಟ್ಟು ಹೋಗುತ್ತಾಳೆ. ಹೆತ್ತ ಮಗಳನ್ನು ಕೊಂದವನ ತಟ್ಟೆಗೆ ಯಾವ ತಾಯಿ ಊಟ ಬಡಿಸುತ್ತಾಳೆ? ಹೇಳದಿದ್ದರೆ, ಅವಳು ಬಡಿಸಿದ ಪ್ರತಿ ತುತ್ತೂ ಕದ್ದು ತಿಂದಂತೆ. ಊಟಕ್ಕೆ ಕೂತರೆ ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದ. ಹೆಂಡತಿಯೂ ಒತ್ತಾಯ ಮಾಡುತ್ತಿರಲಿಲ್ಲ. ಆಕೆ ಅವನ ಮುಖವನ್ನು ನೇರ ನೋಡಿ ಎಷ್ಟೋ ದಿನವಾಗಿತ್ತು. ಅದೂ ಅವನಿಗೆ ತಡವಾಗಿಯೇ ಹೊಳೆಯಿತು.

ಒಂದು ಬೆಳಿಗ್ಗೆ ಎದೆ ಗಟ್ಟಿ ಮಾಡಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ಆಕೆ ಪಾತ್ರೆ ತೊಳೆಯುತ್ತಿದ್ದಳು.

"ನೋಡೇ, ಒಂದು ಮಾತಿದೆ. ಕೇಳಿದ ಮೇಲೆ ನೀನು ತಮ್ಮನ ಮನೆಗೆ ಹೋಗ್ತೀಯೋ, ನನ್ನನ್ನೇ ಹೊರಗೆ ಹಾಕ್ತೀಯೋ, ನಿನ್ನಿಷ್ಟ." ನೆಲ ನೋಡುತ್ತ ಮುಂದುವರಿಸಿದ. "ಅವಳ ಗಾಡಿಗೆ ನಾನು ಹಾಕಿದ ಆ ಪಟ್ಟಿ..."

"ಗೊತ್ತು," ಎಂದಳು ಹೆಂಡತಿ.

"ಏನ್ ಗೊತ್ತು? ನಿನಗೆ ಗೊತ್ತಿಲ್ಲ. ಅದು ಹಾಕಿರದಿದ್ರೆ ಅವಳು..."

"ಬದುಕಿರ್ತಿದ್ದಳು. ಗೊತ್ತು ರೀ." ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ. "ಅವಳು ಕಂಪನಿಯೋರ ಹತ್ರ ಸರ್ವಿಸಿಗೆ ಬಿಟ್ಟಿದ್ದಳು. ಅವರು ನೋಡಿ, ಇದ್ಯಾವ ಪುಣ್ಯಾತ್ಮ ಹಾಕಿದ್ದು, ಇವತ್ತೇ ತೆಗೆಸಿ, ಜೀವಕ್ಕೆ ಅಪಾಯ ಅಂದ್ರಂತೆ. ಅವಳು ಅಲ್ಲೇ ತೆಗೆಸಿಬಿಡ್ತೀನಿ ಅಂತ ನನಗೆ ಫೋನ್ ಮಾಡಿದ್ಲು."

"ಮತ್ತೆ?"

"ನಾನು ಬೇಡ ಅಂದೆ." ಈಗ ತಿರುಗಿದಳು. ಸೋಪಿನ ಕೈ ಹಾಗೇ ಇತ್ತು. "ಅದನ್ನ ಹಾಕಿದ ಮೇಲೆ ನಿಮ್ಮಪ್ಪ ನೆಮ್ಮದಿಯಾಗಿ ನಿದ್ದೆ ಮಾಡ್ತಿದಾರೆ ಕಣೆ, ಈಗ್ಲೇ ತೆಗೆಸಿದ್ರೆ ಮನಸ್ಸಿಗೆ ಹಚ್ಕೋತಾರೆ, ಸ್ವಲ್ಪ ದಿನ ಹೋಗ್ಲಿ, ಸಮಯ ನೋಡಿ ನಾನೇ ಹೇಳಿ ಅವರ ಕೈಯಲ್ಲೇ ತೆಗೆಸ್ತೀನಿ ಅಂದೆ. ನಿನಗ್ಯಾಕಮ್ಮ ಇಷ್ಟು ಭಯ ಅಂತ ಬೈದಳು. ಆಮೇಲೆ, ಆಯ್ತು ಬಿಡು, ನಿಧಾನವಾಗಿ ಓಡಿಸ್ತೀನಿ ಅಂದಳು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ನಾನು..." ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಆವತ್ತು ನೀವು ಫೋನ್ ಮಾಡಿ ಗಾಡಿ ಬಂಡೆ ಹಾಗೆ ನಿಂತಿದೆ ಅಂದ್ರಲ್ಲ, ಆಗ್ಲೇ ನನಗೆ ಗೊತ್ತಾಯ್ತು."

ಗಟ್ಟಿಯಣ್ಣ ಹೊಸ್ತಿಲ ಮೇಲೆ ಕೂತೇ ಇದ್ದ. ತನ್ನ ಮುಖ ನೋಡದೆ ಈಕೆ ಕಳೆದ ದಿನಗಳೆಲ್ಲ ಈಗ ಅರ್ಥವಾದವು. ತಾನು ಇವಳಿಗೆ ಹೆದರುತ್ತಿದ್ದ ಹಾಗೆಯೇ ಇವಳೂ ತನಗೆ ಹೆದರಿಕೊಂಡು ಇದೇ ಮನೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದಳು, ಅದೂ ತನಗಿಂತ ಮೊದಲಿನಿಂದ, ಒಬ್ಬಳೇ.

"ಬೈರಿ," ಎಂದಳು ಹೆಂಡತಿ. "ಒಂದು ಮಾತಾದ್ರೂ ಬೈರಿ ನನ್ನ. ಹೀಗೆ ಸುಮ್ಮನೆ ಕೂರಬೇಡಿ."

"ನಾನೂ ಬೈಸ್ಕೊಳ್ಳೋಕೆ ಅಂತಲೇ ಬಂದೆ ಕಣೆ," ಎಂದ ಅವನು.

ಆಕೆ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಇಬ್ಬರಿಗೂ ಬಾಯಿ ತುಂಬ ಬೈಸಿಕೊಳ್ಳಬೇಕಿತ್ತು. ಆ ಮನೆಯಲ್ಲಿ ಬೈಯುವವಳು ಇರಲಿಲ್ಲ.